ಭಾರ ಹಾಕುವ ಮೊದಲು ನೆಲವನ್ನು ಕೇಳಿ: ಬಯಲಿನ ತೈಚಿಗೆ ಹದಿಮೂರು ಸೂತ್ರಗಳು

ಬೀಜಿಂಗಿನ ಟೆಂಪಲ್ ಆಫ್ ಹೆವನ್ ಉದ್ಯಾನದಲ್ಲಿ ಬೆಳಗಿನ ಮೊದಲ ಹೊತ್ತು ಪ್ರವಾಸಿಗರದ್ದಲ್ಲ, ಆ ಸುತ್ತಿನ ಹಿರಿಯರದ್ದು. 1420ರಲ್ಲಿ ಕಟ್ಟಿದ ಈ ದೇಗುಲದ ಅಂಗಳ ಒಂದು ಕಾಲಕ್ಕೆ ಚಕ್ರವರ್ತಿಯ ಪೂಜೆಗೆ ಮೀಸಲು. 1918ರಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಈಗ ಅಲ್ಲಿ ನೂರಾರು ವರ್ಷದ ಸೈಪ್ರಸ್ ಮರಗಳ ಕೆಳಗೆ ಒಬ್ಬರು ಉದ್ದ ಹಿಡಿಯ ಕುಂಚವನ್ನು ನೀರಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಅಕ್ಷರ ಬರೆಯುತ್ತಿರುತ್ತಾರೆ. ಬರೆದದ್ದು ಆರುತ್ತದೆ, ಮತ್ತೆ ಬರೆಯುತ್ತಾರೆ. ಪಕ್ಕದಲ್ಲಿ ಹತ್ತಿಪ್ಪತ್ತು ಜನ ತೈಚಿ ಮಾಡುತ್ತಿರುತ್ತಾರೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕಾಲೆತ್ತಿ, ಮೆಲ್ಲಗೆ ಮುಂದೆ ಚಾಚಿ, ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸುತ್ತಾರೆ. ಮೈಭಾರ ಇನ್ನೂ ಹಿಂದಿನ ಕಾಲಲ್ಲೇ ಇದೆ. ನೆಲ ಗಟ್ಟಿಯಿದೆಯೆಂದು ಪಾದಕ್ಕೆ ಗೊತ್ತಾದ ಮೇಲೆಯೇ ಸೊಂಟ ಮುಂದಕ್ಕೆ ಬರುತ್ತದೆ.

ಆ ಒಂದು ಹೆಜ್ಜೆಯಲ್ಲಿ ತೈಚಿಯ ಮುಕ್ಕಾಲು ಪಾಲು ಇದೆ. ದಿನದ ನಡಿಗೆಯಲ್ಲಿ ನಾವು ಮೊದಲು ಮುಂದಕ್ಕೆ ವಾಲುತ್ತೇವೆ, ಆಮೇಲೆ ಕಾಲು ಕೊಟ್ಟು ಬೀಳದಂತೆ ತಡೆಯುತ್ತೇವೆ. ತೈಚಿಯಲ್ಲಿ ಕ್ರಮ ತಿರುಗಿದೆ. ಮೊದಲು ಕಾಲು, ಆಮೇಲೆ ಭಾರ. ಹಾಗಾಗಿ ಇದನ್ನು ನುಣುಪು ಟೈಲ್ಸ್ ಮೇಲೆ ಕಲಿಯುವುದಕ್ಕಿಂತ ಮಣ್ಣು, ಹುಲ್ಲು, ಬೇರು, ಗಾಳಿ ಇರುವ ಬಯಲಲ್ಲಿ ಕಲಿಯುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಶುರು ಮಾಡುವವರಿಗೆ ಕೆಲವು ಸೂತ್ರಗಳು ಇಲ್ಲಿವೆ.

1. ಮೊದಲು ಜಾಗ ಹುಡುಕಿ, ಪಾಠ ಆಮೇಲೆ

ಎರಡು ಚಾಪೆ ಹಾಸುವಷ್ಟು ಜಾಗ ಸಾಕು. ಸ್ವಲ್ಪ ಏರುತಗ್ಗು ಇರಲಿ, ಆದರೆ ಗುಂಡಿ, ಸಡಿಲ ಜಲ್ಲಿ, ಪಾಚಿ ಬೇಡ. ಪಕ್ಕದಲ್ಲೊಂದು ಮರವಿದ್ದರೆ ಒಳ್ಳೆಯದು. ಒಂಟಿಕಾಲಿನ ಭಂಗಿಯಲ್ಲಿ ವಾಲಿದರೆ ಕೈ ಕೊಡಲು ಬರುತ್ತದೆ. ನಿಮ್ಮ ಬಡಾವಣೆಯ ಪಾರ್ಕು, ಶಾಲೆಯ ಮೈದಾನ, ಕೆರೆ ಏರಿ, ಹಳ್ಳಿಯಾದರೆ ಕಣ, ಯಾವುದಾದರೂ ಆದೀತು. ದಿನವೂ ಅದೇ ಜಾಗಕ್ಕೆ ಹೋಗಿ. ವಾರದೊಳಗೆ ಆ ಮಣ್ಣಿನ ಇಳಿಜಾರು ನಿಮ್ಮ ಪಾದಕ್ಕೆ ಪರಿಚಯವಾಗುತ್ತದೆ.

2. ತೆಳು ಅಟ್ಟೆಯ ಶೂ ಹಾಕಿ

ಹಿಮ್ಮಡಿ ದಪ್ಪವಿರುವ ರನ್ನಿಂಗ್ ಶೂ ಓಟಕ್ಕೆ ಸರಿ. ತೈಚಿಯಲ್ಲಿ ಅದು ಪಾದಕ್ಕೂ ನೆಲಕ್ಕೂ ನಡುವೆ ದಿಂಬು ಇಟ್ಟಂತಾಗುತ್ತದೆ. ಚೀನಾದ ಹಿರಿಯರು ಮೆಚ್ಚುವುದು ಚಪ್ಪಟೆ ಅಟ್ಟೆಯ ಬಟ್ಟೆ ಶೂಗಳನ್ನು. ಸ್ಲಿಪ್ಪರ್ ಬೇಡವೇ ಬೇಡ, ಕಾಲು ತಿರುಗಿಸುವಾಗ ಕಳಚುತ್ತದೆ. ಬರಿಗಾಲು ಹಿತವೇ, ಆದರೆ ಮಧುಮೇಹದಿಂದ ಪಾದದ ಸ್ಪರ್ಶ ಮಂದವಾಗಿರುವವರು ಬಯಲಲ್ಲಿ ಬರಿಗಾಲಲ್ಲಿ ನಿಲ್ಲಬಾರದು. ಮುಳ್ಳು ಚುಚ್ಚಿದ್ದೇ ಗೊತ್ತಾಗುವುದಿಲ್ಲ.

3. ಐದು ನಿಮಿಷ ಸುಮ್ಮನೆ ನಿಲ್ಲಿ

ಹೊಸಬರು ಬಿಟ್ಟುಬಿಡುವ ಪಾಠ ಇದು. ಪಾದಗಳ ನಡುವೆ ಭುಜದಗಲ ಅಂತರ. ಮಂಡಿಗಳನ್ನು ಸೆಟೆಸಬೇಡಿ, ಕೂದಲೆಳೆಯಷ್ಟು ಸಡಿಲ ಬಿಡಿ. ನೆತ್ತಿಯನ್ನು ಯಾರೋ ದಾರ ಕಟ್ಟಿ ಮೇಲಕ್ಕೆ ಹಿಡಿದಂತೆ ಕುತ್ತಿಗೆ ನೇರವಾಗಿರಲಿ. ಭುಜ ಇಳಿಯಲಿ, ಮೊಣಕೈ ಇಳಿಯಲಿ. ಚೀನೀಯರು ಈ ಸ್ಥಿತಿಯನ್ನು ‘ಸೊಂಗ್’ ಎನ್ನುತ್ತಾರೆ. ಬಿಗಿ ಬಿಟ್ಟಿರಬೇಕು, ಆದರೆ ಕುಸಿದಿರಬಾರದು. ನಮ್ಮಲ್ಲಿ ಒಗೆದ ಸೀರೆಯನ್ನು ಗಳುವಿನ ಮೇಲೆ ಹಾಕಿದಾಗ ಅದು ನೇತಾಡುತ್ತದಲ್ಲ, ಎಲ್ಲೂ ಸುಕ್ಕಿಲ್ಲದೆ, ತನ್ನ ಭಾರಕ್ಕೆ ತಾನೇ ಇಳಿದು? ತೋಳು ಭುಜದಿಂದ ಹಾಗೆ ಇಳಿಯಬೇಕು.

ಬಯಲಲ್ಲಿ ಕಣ್ಣು ಮುಚ್ಚದೆ ನಿಲ್ಲಿ. ದೂರದ ಮರದ ತುದಿ ನೋಡಿ. ಇಡೀ ದಿನ ಒಂದು ಮೊಳ ದೂರದ ಪರದೆ ನೋಡಿ ದಣಿದ ಕಣ್ಣಿನ ಸ್ನಾಯುಗಳು ಸಡಿಲವಾಗುವುದು ದೂರ ನೋಡಿದಾಗಲೇ.

4. ಖಾಲಿ ಕಾಲು ಯಾವುದು, ತುಂಬಿದ ಕಾಲು ಯಾವುದು?

ಯಾವ ಕ್ಷಣದಲ್ಲಿ ಕೇಳಿದರೂ ಇದಕ್ಕೆ ನಿಮ್ಮಲ್ಲಿ ಉತ್ತರ ಇರಬೇಕು. ತೈಚಿಯ ಯಾಂಗ್ ಶೈಲಿಯನ್ನು ಇಂದು ನಾವು ಕಾಣುವ ನಿಧಾನ, ವಿಶಾಲ ರೂಪಕ್ಕೆ ತಂದ ಯಾಂಗ್ ಚೆಂಗ್‌ಫು (1883–1936) ಹತ್ತು ಮೂಲತತ್ವಗಳನ್ನು ಬಿಟ್ಟುಹೋದರು. ಖಾಲಿ ಮತ್ತು ತುಂಬಿದ್ದನ್ನು ಬೇರೆ ಮಾಡಿ ಅರಿಯುವುದು ಅವುಗಳಲ್ಲಿ ಒಂದು. ಉಳಿದ ಒಂಬತ್ತಕ್ಕೂ ಬುಡ ಇದೇ ಎಂದು ನನಗನ್ನಿಸುತ್ತದೆ.

ಮಾಡಿ ನೋಡಿ. ಭಾರವನ್ನೆಲ್ಲ ಬಲಗಾಲಿಗೆ ಸುರಿಯಿರಿ. ಕೊಡದಿಂದ ಕೊಡಕ್ಕೆ ನೀರು ಬಗ್ಗಿಸಿದ ಹಾಗೆ, ನಿಧಾನಕ್ಕೆ, ತೊಟ್ಟು ಉಳಿಯದಂತೆ. ಎಡಗಾಲು ಪೂರ್ತಿ ಬರಿದಾದಾಗ ಅದನ್ನು ಎತ್ತಲು ಶ್ರಮವೇ ಬೇಡ. ಎಡಗಾಲನ್ನು ಮುಂದಿಟ್ಟು ಹಿಮ್ಮಡಿ ತಾಗಿಸಿ. ಈಗ ಒಂದು ಪರೀಕ್ಷೆ: ಆ ಕಾಲನ್ನು ಮೈ ಅಲುಗಿಸದೆ ಹಿಂದಕ್ಕೆ ಎತ್ತಿಕೊಳ್ಳಲು ಆಗುತ್ತದೆಯೇ? ಆದರೆ ಹೆಜ್ಜೆ ಸರಿ. ಆಗದಿದ್ದರೆ ನೀವು ಆಗಲೇ ಅದರ ಮೇಲೆ ಬಿದ್ದಿದ್ದೀರಿ.

ಚಳಿಗಾಲದ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿಯಿದ್ದರೆ ಅದಕ್ಕಿಂತ ಒಳ್ಳೆಯ ಗುರುವಿಲ್ಲ. ಹುಲ್ಲಿನ ಮೇಲೆ ಕಾಲಿಡಲು ಬಿಡುವ ಪಾರ್ಕಾಗಿರಬೇಕು ಅಷ್ಟೆ. ಅಭ್ಯಾಸ ಮುಗಿಸಿ ಬಗ್ಗಿ ನೋಡಿ. ಇಬ್ಬನಿ ಬಿಳಿಯಾಗಿ ಹಾಸಿರುತ್ತದೆ, ನೀವು ಕಾಲಿಟ್ಟಲ್ಲೆಲ್ಲ ಕಡುಹಸಿರು. ಭಾರ ಪೂರ್ತಿ ಬರಿದು ಮಾಡಿ ಕಾಲೆತ್ತಿ ಇಟ್ಟಿದ್ದರೆ ಪಾದದ ಅಂಚು ಕತ್ತರಿಸಿದಂತೆ ಸ್ಪಷ್ಟ. ಅರ್ಧ ಭಾರದಲ್ಲೇ ಕಾಲೆಳೆದಿದ್ದರೆ ಹಿಮ್ಮಡಿಯ ಹಿಂದೆ ಉದ್ದ ಗೀರು. ನನ್ನ ಎಡಪಾದದ ಗುರುತುಗಳು ಬಹಳ ಕಾಲ ಗೀರುಗಳಾಗಿಯೇ ಇದ್ದವು. ಬಲಗಾಲನ್ನು ನಾನು ನಂಬುವಷ್ಟು ಎಡಗಾಲನ್ನು ನಂಬುತ್ತಿರಲಿಲ್ಲ ಎಂದು ಹುಲ್ಲು ಹೇಳಿದ ಮೇಲೆಯೇ ತಿಳಿದದ್ದು.

ಇದು ಬರೀ ಅಂದದ ಮಾತಲ್ಲ. ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ವಯಸ್ಸಾದವರದ್ದೇ ದೊಡ್ಡ ಪಾಲು. ಅಮೆರಿಕದ ಆರೆಗಾನ್‌ನಲ್ಲಿ ಫುಝೊಂಗ್ ಲಿ ಮತ್ತು ಸಂಗಡಿಗರು ಬೀಳುವ ಅಪಾಯ ಹೆಚ್ಚಿರುವ, 70 ದಾಟಿದ 670 ಜನರಿಗೆ 24 ವಾರ ಬೇರೆಬೇರೆ ವ್ಯಾಯಾಮ ಮಾಡಿಸಿದರು. 2018ರಲ್ಲಿ ಫಲಿತಾಂಶ ಬಂತು: ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ತೈಚಿ ಮಾಡಿದವರಲ್ಲಿ ಬೀಳುವಿಕೆ ಶೇ. 58ರಷ್ಟು ಕಡಿಮೆ. ಅದಕ್ಕೂ ಮೊದಲು, 2012ರಲ್ಲಿ, ಪಾರ್ಕಿನ್ಸನ್ ಕಾಯಿಲೆಯ 195 ಜನರ ಮೇಲೆ ಅವರೇ ನಡೆಸಿದ ಅಧ್ಯಯನದಲ್ಲೂ ತೈಚಿ ಗುಂಪಿನ ಸಮತೋಲನ ಚೆನ್ನಾಗಿ ಸುಧಾರಿಸಿತ್ತು. ನಡುಗುವ ಮೈಗೂ ಕಾಲೂರುವುದನ್ನು ಮತ್ತೆ ಕಲಿಸಬಹುದು ಎಂಬುದನ್ನು ಓದಿದಾಗ ನನಗೆ ಗಂಟಲುಬ್ಬಿ ಬಂದಿತ್ತು.

ಬಯಲಿನ ಪಾಲು ಇಲ್ಲೇ ಇದೆ. ಸಮತೋಲನಕ್ಕೆ ದೇಹ ಮೂರು ಕಡೆಯಿಂದ ಸುದ್ದಿ ತರಿಸಿಕೊಳ್ಳುತ್ತದೆ: ಕಣ್ಣು, ಒಳಗಿವಿ, ಮತ್ತು ಪಾದ ಹಾಗೂ ಕೀಲುಗಳಲ್ಲಿರುವ ನರಗಳು. ಸಮತಟ್ಟಾದ ಕೋಣೆಯಲ್ಲಿ ಪಾದಕ್ಕೆ ಹೇಳಲು ಹೊಸದೇನೂ ಇರುವುದಿಲ್ಲ. ಅಂಗಾಲಡಿ ಒಂದು ಬೇರು, ಒಂದು ಚಿಕ್ಕ ತಗ್ಗು ಸಿಕ್ಕರೆ ಕಣಕಾಲು ಪ್ರತಿ ಹೆಜ್ಜೆಗೂ ಲೆಕ್ಕ ಹಾಕಬೇಕಾಗುತ್ತದೆ.

5. ತುಂಬಿದ ಕಾಲಿನ ಮೇಲೆ ಮಂಡಿ ತಿರುಚಬೇಡಿ

ನಾನು ತೆತ್ತ ಬೆಲೆಯಿಂದ ಹೇಳುತ್ತೇನೆ. ಶುರುವಿನ ದಿನಗಳಲ್ಲಿ ಸಿಮೆಂಟು ನೆಲದ ಮೇಲೆ, ಭಾರ ಹೊತ್ತ ಕಾಲಲ್ಲೇ ಗರಕ್ಕನೆ ತಿರುಗುತ್ತಿದ್ದೆ. ಎರಡು ತಿಂಗಳಲ್ಲಿ ಬಲಮಂಡಿ ಊದಿಕೊಂಡಿತು, ಮೆಟ್ಟಿಲಿಳಿಯುವುದು ಕಷ್ಟವಾಯಿತು. ನಿಯಮ ಇಷ್ಟೇ: ಪಾದದ ಬೆರಳು ಎತ್ತ ನೋಡುತ್ತದೋ ಮಂಡಿಯೂ ಅತ್ತಲೇ ನೋಡಬೇಕು, ಬೆರಳ ತುದಿಯನ್ನು ದಾಟಬಾರದು. ತಿರುಗಬೇಕಾದರೆ ಮೊದಲು ಭಾರ ಹಿಂದೆ ತೆಗೆದುಕೊಳ್ಳಿ, ಬರಿದಾದ ಪಾದವನ್ನು ತಿರುಗಿಸಿ, ಆಮೇಲೆ ಭಾರ ಕೊಡಿ. ಸೊಂಟ ತಿರುಗುವುದು ತೊಡೆಯ ಬುಡದಿಂದ, ಮಂಡಿಯಿಂದಲ್ಲ.

ಸರಿಯಾಗಿ ಮಾಡಿದರೆ ಇದೇ ತೈಚಿ ಮಂಡಿಗೆ ಮದ್ದು. 2016ರಲ್ಲಿ ಮಂಡಿ ಸವೆತದ 204 ಜನರನ್ನು ಹೋಲಿಸಿದ ಅಧ್ಯಯನದಲ್ಲಿ 12 ವಾರಗಳ ತೈಚಿ, ಫಿಸಿಯೋಥೆರಪಿಯಷ್ಟೇ ನೋವು ಇಳಿಸಿತು.

6. ಒಂದು ವಾರಕ್ಕೆ ಒಂದೇ ಚಲನೆ

ಇಂದು ಜಗತ್ತಿನ ಪಾರ್ಕುಗಳಲ್ಲಿ ಹೆಚ್ಚಾಗಿ ಕಾಣುವ 24 ಭಂಗಿಗಳ ಸರಳ ರೂಪವನ್ನು ಚೀನಾದ ಕ್ರೀಡಾ ಆಯೋಗ 1956ರಲ್ಲಿ ಯಾಂಗ್ ಶೈಲಿಯಿಂದ ಆರಿಸಿ ಹೆಣೆಯಿತು. ಪೂರ್ತಿ ಮಾಡಲು ಐದಾರು ನಿಮಿಷ ಸಾಕು. ಕಲಿಯಲು ಮಾತ್ರ ಅವಸರ ಬೇಡ. ಯೂಟ್ಯೂಬ್ ನೋಡಿ ಒಂದು ಭಾನುವಾರದಲ್ಲಿ ಇಪ್ಪತ್ತನಾಲ್ಕನ್ನೂ ಮುಗಿಸಿದವರ ಕೈ ಸರಿಯಾಗಿ ಚಲಿಸುತ್ತದೆ, ಕಾಲು ಎಲ್ಲೋ ಇರುತ್ತದೆ. ವಾರಕ್ಕೊಂದರಂತೆ ಹೋದರೆ ಆರು ತಿಂಗಳಿಗೆ ಮುಗಿಯುತ್ತದೆ, ಮುಗಿದದ್ದು ಮೈಯಲ್ಲಿ ಉಳಿಯುತ್ತದೆ.

ಹೆಸರುಗಳನ್ನೂ ಕಲಿಯಿರಿ. ಕಾಡುಕುದುರೆಯ ಕೇಸರ ಬಿಡಿಸುವುದು. ಬಿಳಿ ಕೊಕ್ಕರೆ ರೆಕ್ಕೆ ಹರಡುವುದು. ಮೋಡದಂತೆ ಕೈ ಆಡಿಸುವುದು. ಕಡಲ ತಳದ ಸೂಜಿ. ಚಿನ್ನದ ಹುಂಜ ಒಂಟಿಕಾಲಲ್ಲಿ ನಿಲ್ಲುವುದು. ಹೆಸರು ನೆನಪಾದರೆ ಮೈಗೆ ಆಕಾರ ನೆನಪಾಗುತ್ತದೆ.

7. ಕೈ ಏನು ಮಾಡುತ್ತಿದೆ ಎಂದು ಕೇಳಿ

ತೈಚಿ ಹುಟ್ಟಿದ್ದು ಯುದ್ಧಕಲೆಯಾಗಿ. ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿ, ಹದಿನೇಳನೇ ಶತಮಾನದ ಚೆನ್ ವಾಂಗ್‌ಟಿಂಗ್ ಎಂಬ ಯೋಧನ ಹೆಸರಿನೊಂದಿಗೆ ಇದರ ಚರಿತ್ರೆ ಬೆಸೆದಿದೆ. ಆ ಹಳ್ಳಿಯಲ್ಲಿ ವಿದ್ಯೆ ಕಲಿತ ಯಾಂಗ್ ಲೂಚಾನ್ (1799–1872) ಅದನ್ನು ಬೀಜಿಂಗಿಗೆ ಒಯ್ದ. ಯಾಂಗ್ ಚೆಂಗ್‌ಫು ಅವನ ಮೊಮ್ಮಗ. ಹಾಗಾಗಿ ಗಾಳಿಯಲ್ಲಿ ತೇಲುವಂತೆ ಕಾಣುವ ಪ್ರತಿ ಕೈಯ ಹಿಂದೆಯೂ ಒಂದು ಕೆಲಸವಿದೆ: ತಡೆಯುವುದು, ಎಳೆದು ಸಾಗಹಾಕುವುದು, ಒತ್ತುವುದು, ತಳ್ಳುವುದು. ಅದು ಗೊತ್ತಿದ್ದರೆ ಕೈ ಜೋತುಬೀಳುವುದಿಲ್ಲ, ಬಿಗಿಯುವುದೂ ಇಲ್ಲ.

8. ಎಪ್ಪತ್ತು ಪಾಲಲ್ಲಿ ನಿಲ್ಲಿಸಿ

ಎಷ್ಟು ಬಗ್ಗಬಲ್ಲಿರೋ ಅದರ ನೂರರಲ್ಲಿ ಎಪ್ಪತ್ತು ಪಾಲು ಬಗ್ಗಿ. ಎಷ್ಟು ಚಾಚಬಲ್ಲಿರೋ ಅದರ ಎಪ್ಪತ್ತು ಪಾಲು ಚಾಚಿ. ನೋವಿರುವ ಜಾಗದಲ್ಲಿ ಅರ್ಧ. ತಗ್ಗಿ ನಿಂತರಷ್ಟೇ ತೈಚಿ ಎಂಬುದು ತಪ್ಪು. ಎತ್ತರದ ನಿಲುವಿನಲ್ಲೂ ಭಾರದ ಲೆಕ್ಕ ಅದೇ.

9. ನಿಧಾನವನ್ನು ಹಗುರವೆಂದು ತಿಳಿಯಬೇಡಿ

ನಿಧಾನಕ್ಕೆ ಹೆಜ್ಜೆಯಿಟ್ಟಾಗ ಮಂಡಿ ಸಡಿಲವಿರುವ ಒಂದೇ ಕಾಲು ಇಡೀ ಮೈಯನ್ನು ಹಲವು ಸೆಕೆಂಡು ಹೊರುತ್ತದೆ. ಹತ್ತು ನಿಮಿಷದಲ್ಲಿ ತೊಡೆ ಬಿಸಿಯಾಗುತ್ತದೆ, ಏದುಸಿರು ಮಾತ್ರ ಬರುವುದಿಲ್ಲ. ಬೀಜಿಂಗಿನಲ್ಲಿ ರಕ್ತದೊತ್ತಡ ಗಡಿಯಲ್ಲಿರುವ 342 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಬಿರುಸಿನ ನಡಿಗೆ, ಸೈಕಲ್ಲಿನಂಥ ಏರೋಬಿಕ್ ವ್ಯಾಯಾಮ ಮಾಡಿದವರಲ್ಲಿ ಮೇಲಿನ ಒತ್ತಡ ಸರಾಸರಿ 4.61 ಇಳಿದರೆ ತೈಚಿ ಮಾಡಿದವರಲ್ಲಿ 7.01 ಇಳಿಯಿತು. ನಡಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಪಾರ್ಕಿಗೆ ನಡೆದು ಹೋಗಿ, ಅಲ್ಲಿ ತೈಚಿ ಮಾಡಿ, ನಡೆದು ಬನ್ನಿ. ಮಾತ್ರೆ ನುಂಗುತ್ತಿದ್ದರೆ ವೈದ್ಯರು ಹೇಳುವವರೆಗೆ ಒಂದು ದಿನವೂ ತಪ್ಪಿಸಬೇಡಿ.

ಉಸಿರನ್ನು ಅದರ ಪಾಡಿಗೆ ಬಿಡಿ. ಮೂಗಿನಿಂದ, ಸದ್ದಿಲ್ಲದೆ. ಚಲನೆ ನಿಧಾನವಾದರೆ ಉಸಿರು ತಾನಾಗಿ ಅದರ ಜೊತೆ ಇಳಿಯುತ್ತದೆ. ಎಣಿಸಿ ಕಟ್ಟಿಹಾಕಿದರೆ ಎದೆ ಬಿಗಿಯುತ್ತದೆ.

10. ಬೆಳಗಿನ ಬೆಳಕು ನಿದ್ರೆಗಾಗಿ

ಎಳೆಬಿಸಿಲಲ್ಲಿ ನಿಂತರೆ ಡಿ ಜೀವಸತ್ವ ಸಿಗುತ್ತದೆಂದು ಮನೆಮನೆಯಲ್ಲೂ ಹೇಳುತ್ತಾರೆ. ಇದನ್ನು ತಿದ್ದಿಕೊಳ್ಳಬೇಕು. ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣ ಸೂರ್ಯ ಕೆಳಗಿರುವಾಗ ನೆಲಕ್ಕೆ ತಲುಪುವುದೇ ಬಹಳ ಕಡಿಮೆ. ಅದು ಸಿಗುವುದು ನಡುಹಗಲಿನ ಬಿಸಿಲಲ್ಲಿ.

ಬೆಳಗಿನ ಬೆಳಕಿನ ಕೆಲಸ ಬೇರೆ, ಅದೂ ಸಣ್ಣದಲ್ಲ. ದೀಪ ಹಚ್ಚಿದ ಕೋಣೆಯಲ್ಲಿ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ತೆರೆದ ಆಕಾಶದ ಕೆಳಗೆ ಹಲವು ಸಾವಿರ. ಕಣ್ಣಿನ ಹಿಂಪರದೆಯ ಕೆಲವು ಜೀವಕೋಶಗಳು ಆ ಬೆಳಕನ್ನು ಮೆದುಳಿನ ಗಡಿಯಾರಕ್ಕೆ ಮುಟ್ಟಿಸುತ್ತವೆ. ಬೆಳಗಾಯಿತೆಂದು ಆ ಗಡಿಯಾರಕ್ಕೆ ಖಚಿತವಾದರೆ ರಾತ್ರಿ ಸರಿಹೊತ್ತಿಗೆ ನಿದ್ರೆಯನ್ನೂ ಕರೆಯುತ್ತದೆ. ತೈಚಿಯೂ ನಿದ್ರೆಗೆ ಒದಗುತ್ತದೆ. ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಂಡು ನಿದ್ರೆಯಿಲ್ಲದೆ ನರಳುತ್ತಿದ್ದ 90 ಮಹಿಳೆಯರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೈಚಿಯ ಫಲ ನಿದ್ರಾಹೀನತೆಗೆ ಕೊಡುವ ಮನೋಚಿಕಿತ್ಸೆಯ ಫಲಕ್ಕೆ ಸಮನಾಗಿತ್ತು. ಬೆಳಕು, ತೈಚಿ ಎರಡೂ ಒಟ್ಟಿಗೆ ಸಿಗುವುದು ಬಯಲಲ್ಲಿ, ಬಿಟ್ಟಿಯಾಗಿ. ಸೂರ್ಯನನ್ನು ನೇರ ನೋಡಬೇಡಿ, ಪಕ್ಕಕ್ಕೆ ಬಿಟ್ಟುಕೊಂಡು ನಿಲ್ಲಿ.

11. ಗಾಳಿ ನೋಡಿ ಹೊರಡಿ

ಚಳಿಗಾಲದ ನಸುಕಿನಲ್ಲಿ ನೆಲದ ಬಳಿಯ ತಣ್ಣನೆ ಗಾಳಿ ಮೇಲೇರದೆ ಹೊಗೆ, ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯ ಗುಣಮಟ್ಟದ ಸೂಚ್ಯಂಕ ಫೋನಿನಲ್ಲೇ ಸಿಗುತ್ತದೆ, ನೋಡಿಕೊಳ್ಳಿ. ಕೆಟ್ಟಿದ್ದರೆ ಬಿಸಿಲೇರಿದ ಮೇಲೆ ಹೋಗಿ, ಇಲ್ಲವೇ ಆ ದಿನ ಮನೆಯಲ್ಲೇ ಮಾಡಿ. ಹೆದ್ದಾರಿ ಪಕ್ಕದ ಹುಲ್ಲುಹಾಸಿಗಿಂತ ಒಳಗಿನ ಬೀದಿಯ ಖಾಲಿ ಸೈಟು ಮೇಲು. ಬೆವರಿದ ಮೇಲೆ ಗಾಳಿಗೆ ಮೈಯೊಡ್ಡಬೇಡಿ ಎಂದು ಚೀನಾದ ಹಿರಿಯರು ಹೇಳುತ್ತಾರೆ, ನಮ್ಮ ಅಜ್ಜಿಯರೂ ಅದನ್ನೇ ಹೇಳುತ್ತಿದ್ದರು. ಒಂದು ಶಾಲು ಜೊತೆಗಿರಲಿ.

12. ಗುಂಪಿನ ನಡುವೆ ನಿಲ್ಲಿ, ಯೋಚನೆ ಬಂದರೆ ಅಂಗೈಗೆ ಮರಳಿ

ಹೊಸಬರು ಸಂಕೋಚದಿಂದ ಹಿಂದಿನ ಸಾಲಿಗೆ ಹೋಗುತ್ತಾರೆ. ತೈಚಿಯಲ್ಲಿ ದಿಕ್ಕು ತಿರುಗಿದಾಗ ಹಿಂದಿನ ಸಾಲೇ ಮುಂದಿನದಾಗುತ್ತದೆ, ನೋಡಿ ಅನುಸರಿಸಲು ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ಅನುಭವಿಗಳು ನಾಲ್ಕು ಮೂಲೆಗಳಲ್ಲಿ, ಹೊಸಬರು ನಡುವೆ. ಯಾವ ಕಡೆ ತಿರುಗಿದರೂ ಕಣ್ಣಿಗೊಬ್ಬರು ಸಿಗುತ್ತಾರೆ. ಈ ಏರ್ಪಾಡು ನನಗೆ ಬಹಳ ಇಷ್ಟ. ನಿವೃತ್ತರಾಗಿ, ಮಕ್ಕಳು ದೂರದ ಊರು ಸೇರಿ, ಮಾತಾಡಲು ಜನವಿಲ್ಲದ ಎಷ್ಟೋ ಹಿರಿಯರಿಗೆ ದಿನಕ್ಕೆ ಅರ್ಧ ಗಂಟೆ ಹೀಗೆ ನಾಲ್ಕು ಜನರ ನಡುವೆ ನಿಲ್ಲುವುದೇ ದೊಡ್ಡ ಬಲ.

ಇನ್ನು ಮನಸ್ಸು. ಚಿಂತೆಯನ್ನು ಓಡಿಸಲು ಹೋಗಬೇಡಿ, ಅದಕ್ಕೆ ಕೆಲಸ ಕೊಡಿ. ಅಂಗೈ ಈಗ ಎತ್ತ ನೋಡುತ್ತಿದೆ? ಭಾರ ಎಷ್ಟು ಪಾಲು ಸರಿಯಿತು? ಮುಂದಿನ ಭಂಗಿ ಯಾವುದು? ಇಷ್ಟನ್ನು ಒಟ್ಟಿಗೆ ಹಿಡಿದಿರುವಾಗ ಆಫೀಸಿನ ಜಗಳಕ್ಕೆ ಜಾಗ ಉಳಿಯುವುದಿಲ್ಲ. ಜಗಳ ಮತ್ತೆ ಬಂದಾಗ ಹೆಜ್ಜೆ ತಪ್ಪುತ್ತದೆ. ತಪ್ಪಿದ ತಕ್ಷಣ ಮನಸ್ಸು ಎಲ್ಲಿತ್ತೆಂದು ಗೊತ್ತಾಗುತ್ತದೆ. ಬಯಲು ಇಲ್ಲೂ ಜೊತೆ ಕೊಡುತ್ತದೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2015ರಲ್ಲಿ ಕೆಲವರನ್ನು ಹಸಿರಿನ ನಡುವೆ, ಇನ್ನು ಕೆಲವರನ್ನು ವಾಹನ ಓಡಾಡುವ ರಸ್ತೆಯ ಬದಿ ತೊಂಬತ್ತು ನಿಮಿಷ ನಡೆಸಿದರು. ಹಸಿರಿನಲ್ಲಿ ನಡೆದವರಲ್ಲಿ ಮಾತ್ರ ಒಂದೇ ಚಿಂತೆಯನ್ನು ಮೆಲುಕು ಹಾಕುವುದು ತಗ್ಗಿತು. ಮರದ ಮೇಲೆ ಅಳಿಲು ಕೂಗಿದರೆ ಕೇಳಿಸಿಕೊಳ್ಳಿ, ಅದಕ್ಕಾಗಿ ಚಲನೆ ನಿಲ್ಲಿಸಬೇಡಿ.

13. ಶುರುವಾದ ಜಾಗದಲ್ಲಿ ಒಂದು ಕಲ್ಲಿಡಿ

ನಿಮ್ಮ ಬಲಪಾದದ ಪಕ್ಕ, ಹುಣಸೆಬೀಜದಷ್ಟು ದೊಡ್ಡದು ಸಾಕು. 24 ಭಂಗಿಗಳ ಹೆಜ್ಜೆಗಳು ಮುಂದೆ ಹೋಗುತ್ತವೆ, ಹಿಂದೆ ಬರುತ್ತವೆ, ತಿರುಗುತ್ತವೆ. ಹೆಜ್ಜೆಯಳತೆ ಸಮವಿದ್ದರೆ ಮುಗಿಯುವುದು ಹೊರಟ ಜಾಗದ ಆಸುಪಾಸಿನಲ್ಲೇ. ಮೊದಮೊದಲು ಕಲ್ಲು ಎಲ್ಲೋ ದೂರದಲ್ಲಿ ಉಳಿದಿರುತ್ತದೆ. ಒಂದು ಕಾಲು ಉದ್ದ ಹೆಜ್ಜೆ ಹಾಕುತ್ತಿದೆ, ಇನ್ನೊಂದು ಗಿಡ್ಡ, ಅಷ್ಟೇ ಅದರ ಅರ್ಥ. ಮುಗಿದ ಕೂಡಲೇ ಫೋನ್ ತೆಗೆಯಬೇಡಿ. ಕೈಗಳನ್ನು ತೊಡೆಯ ಪಕ್ಕಕ್ಕೆ ಇಳಿಸಿ, ಎರಡೂ ಕಾಲಿಗೆ ಸಮ ಭಾರ ಕೊಟ್ಟು ಒಂದು ನಿಮಿಷ ನಿಲ್ಲಿ. ಬೆರಳ ತುದಿ ಬೆಚ್ಚಗಾಗಿರುತ್ತದೆ. ಆಮೇಲೆ ಕಲ್ಲು ಎಷ್ಟು ದೂರವಿದೆ ಎಂದು ಹೆಜ್ಜೆಯಲ್ಲಿ ಅಳೆದು ನೋಡಿ, ಶಾಲು ಹೊದ್ದು ಹೊರಡಿ. ಕಲ್ಲು ಅಲ್ಲೇ ಇರಲಿ, ನಾಳೆ ಬೆಳಗ್ಗೆ ಬೇಕು.